ಅಮೇರಿಕೆಯ ಪಟ್ಟಣಗಳಲ್ಲಿ ನಮ್ಮ 12 ದಿವಸಗಳು



ನಮ್ಮ ಹಳೇ ಶಾಲೆಯ ಸ್ಮರಣಸಂಚಿಕೆಗೆ ಪ್ರವಾಸದ ಸಂಗತಿಗಳನ್ನು ಬರೆದುಕೊಡಬೇಕೆಂದು ಸಂಚಿಕೆಯ ಕಾರ್ಯಕರ್ತೆಯರು ನಮ್ಮಿಬ್ಬರನ್ನು ಕೇಳಿಕೊಂಡಿರುವರು. ನೋಡಿದ್ದು ಬಹಳ, ಪುಟಗಳು ಕೆಲವೇ. ಆದಕಾರಣ ದುಡಿದ ದಿನಗಳ ವಿಷಯವನ್ನು ಚುಟುಕಾಗಿ ಮುಗಿಸಿ, ಆ ದುಡಿತದ ಹಣದಿಂದ ನಾವು ಏನು ಕಂಡೆವು, ಏನು ಉಂಡೆವು ಎಂಬುವದನ್ನೇ ವಿಸ್ತಾರವಾಗಿ ತಿಳಿಸುವೆವು.

ನಮ್ಮಿಬ್ಬರಲ್ಲಿ ಒಬ್ಬಳ ಮನೆಯು ಕಲಬುರಗಿಯ ಸೇಡಂ ರಸ್ತೆಯಲ್ಲಿ, ವೈದ್ಯಕೀಯ ಕಾಲೇಜನ್ನು ದಾಟಿದ ಮೇಲೆ ಇರುವದು. ಮತ್ತೊಬ್ಬಳ ಊರು ಕಮಲಾಪುರ. ಒಂದೇ ಬೆಂಚಿನಲ್ಲಿ ಕೂತು ಕಲಿತವರು ನಾವು. ಭೂಗೋಳದ ತಾಸಿನಲ್ಲಿ ಗೋಡೆಯ ನಕಾಶೆಯ ಮುಂದೆ ನಿಂತು ಸುಪೀರಿಯರ್, ಮಿಶಿಗನ್, ಹ್ಯೂರನ್, ಈರೀ, ಒಂಟಾರಿಯೋ ಎಂಬ ಐದು ಮಹಾ ಸರೋವರಗಳ ಹೆಸರುಗಳನ್ನು ಬಾಯಿಪಾಠವಾಗಿ ಒಪ್ಪಿಸಿದ್ದು ಇಬ್ಬರಿಗೂ ನೆನಪಿದೆ. ಅವುಗಳಲ್ಲಿ ಎರಡನ್ನು ಕಣ್ಣಾರೆ ಕಾಣುವೆವೆಂದು ಆಗ ಯಾರು ಬಲ್ಲರು!

ಸಂಯುಕ್ತ ಸಂಸ್ಥಾನದವರು ಪರದೇಶದ ಕಾಲೇಜು ವಿದ್ಯಾರ್ಥಿಗಳಿಗೆಂದು ಒಂದು ಏರ್ಪಾಡು ಮಾಡಿರುವರು. ಅದೇನಂದರೆ, ರಜೆಯಲ್ಲಿ ಹೆಚ್ಚೆಂದರೆ 4 ತಿಂಗಳು ಅಲ್ಲಿ ಕೂಲಿಯ ಕೆಲಸ ಮಾಡಬಹುದು. ಕೆಲಸ ತೀರಿದ ಮೇಲೆ 30 ದಿವಸಗಳ ತನಕ ದೇಶವನ್ನು ತಿರುಗಿ ನೋಡಿಕೊಂಡು ಸ್ವದೇಶಕ್ಕೆ ಮರಳಬೇಕು. ಈ ಏರ್ಪಾಡಿನ ಮೇರೆಗೆ ನಾವು 2024ನೆಯ ಇಸವಿಯ ಮೇ ತಿಂಗಳಲ್ಲಿ ಹೊರಟೆವು. ಸೇಡಂ ರಸ್ತೆಯ ಮಗ್ಗುಲಲ್ಲಿಯೇ 2019ರಲ್ಲಿ ವಿಮಾನ ನಿಲ್ದಾಣವು ತೆರೆದಿದ್ದರೂ ಪರದೇಶಕ್ಕೆ ಹೋಗುವವರು ಹೈದರಾಬಾದಿಗೇ ಹೋಗಿ ಹತ್ತಬೇಕಾಯಿತು.

ಇಲ್ಲಿ ಹಣದ ಮಾತನ್ನು ಮರೆಮಾಡದೆ ಹೇಳುವೆವು. ಯಾಕಂದರೆ ಮುಂದಿನ ಸಂಗತಿಗಳೆಲ್ಲ ಅದರ ಮೇಲೆಯೇ ನಿಂತಿರುವವು. ಸೇಡಂ ರಸ್ತೆಯವಳ ತಂದೆಯವರು ಪಿಂಚಣಿದಾರರು. ಮಗಳ ಖರ್ಚನ್ನು ಉಳಿತಾಯದಿಂದ ಕೊಟ್ಟರು. ಕಮಲಾಪುರದವಳ ತಂದೆಯವರು ಒಕ್ಕಲುತನದವರು. ಮೂರೆಕರೆ ತೊಗರಿ, ಒಂದೆಕರೆ ಕೆಂಪು ಬಾಳೆ. 2023ರಲ್ಲಿ ಮಳೆ ಕೈಕೊಟ್ಟಿದ್ದರಿಂದ, ತೊಗರಿಗೆ ದರವಿದ್ದರೂ ಮಾರಲು ತೊಗರಿಯೇ ಇರಲಿಲ್ಲ. ಆಗ ತಾಯಿಯವರು ತಮ್ಮ ನಾಲ್ಕು ತೊಲೆಯ ಪಾಟಲಿಗಳನ್ನು ಕೈಯಿಂದ ತೆಗೆದು, ಬ್ಯಾಂಕಿನಲ್ಲಿಟ್ಟು 1,20,000 ರೂಪಾಯಿ ತಂದರು. ಮಗಳು ಬೇಡವೆಂದಳು. ತಾಯಿಯವರು, “ಪಾಟಲಿ ಬ್ಯಾಂಕಿನ್ಯಾಗ ಕುಂದರತಾವ, ನೀ ಮನ್ಯಾಗ ಕುಂದರಬ್ಯಾಡ,” ಎಂದರು. ಆ ಮಾತಿಗೆ ಎದುರಾಡುವಂತಿರಲಿಲ್ಲ.

ನಮ್ಮ ಕೆಲಸವು ವಿಸ್ಕಾನ್ಸಿನ್ ಪ್ರಾಂತದ ಡೆಲ್ಸ್ ಎಂಬ ಊರಿನ ಒಂದು ದೊಡ್ಡ ಹೋಟೆಲಿನಲ್ಲಿ. ಬೇಸಿಗೆಯಲ್ಲಿ ಮಕ್ಕಳೊಂದಿಗರು ನೀರಾಟಕ್ಕೆಂದು ಬಂದು ತಂಗುವ ಊರು ಅದು. ಊರಿನ ಹೆಸರು ಫ್ರೆಂಚರ ಮಾತಿನಿಂದ ಬಂದದ್ದು; ಅವರಲ್ಲಿ ಆ ಶಬ್ದಕ್ಕೆ ಕಲ್ಲಿನ ಚಪ್ಪಡಿಯೆಂದರ್ಥವಂತೆ. ನದಿಯ ಎರಡೂ ದಂಡೆಗಳಲ್ಲಿ ಪದರು ಪದರಾಗಿ ಒಟ್ಟಿದ ಮರಳುಗಲ್ಲನ್ನು ನೋಡಿದಾಗ, ಸೇಡಂ ರಸ್ತೆಯಲ್ಲಿ ಲಾರಿಗಳು ಹೊತ್ತೊಯ್ಯುವ ಶಹಾಬಾದಿನ ಫರಸಿಗಳೇ ನಮ್ಮ ಕಣ್ಣಿಗೆ ಕಟ್ಟಿದವು. ದಿನಕ್ಕೆ 14 ಕೋಣೆಗಳ ಹಾಸಿಗೆ ಬದಲಿಸಿ, ಬಚ್ಚಲು ತೊಳೆದು, ನೆಲ ಗುಡಿಸಿ ಕೊಡಬೇಕು. ತಾಸಿಗೆ 13 ಡಾಲರು. ಹೋದ ಅತಿಥಿಗಳು ಕೆಲವರು ದಿಂಬಿನ ಬಳಿಯಲ್ಲಿ ಎರಡೋ ಮೂರೋ ಡಾಲರನ್ನು ನಮಗಾಗಿ ಇಟ್ಟಿರುವರು. ಕೆಲವರು ಒದ್ದೆ ಟವೆಲುಗಳ ರಾಶಿಯನ್ನಷ್ಟೇ ಇಟ್ಟಿರುವರು. ಮೊದಲಿನ ವಾರ ನಮ್ಮ ಸೊಂಟಗಳು ಸೊಂಟಗಳಾಗಿ ಉಳಿಯಲಿಲ್ಲ. ಇಷ್ಟು ಸಾಕು.

ಅಗಸ್ಟ್ 14ಕ್ಕೆ ಕೆಲಸ ಮುಗಿಯಿತು. ಬಾಡಿಗೆ, ಸುಂಕ, ಊಟ ಕಳೆದು ಒಬ್ಬೊಬ್ಬಳಲ್ಲಿ ಸುಮಾರು 3,700 ಡಾಲರು ಉಳಿದಿತ್ತು. ಡಾಲರಿಗೆ ಆಗ 84 ರೂಪಾಯಿಯ ಬೆಲೆ. ಕಮಲಾಪುರದವಳು ನೆಟ್ಟಗೆ ಊರಿಗೆ ಹೊರಡಲೆಂದಳು. ಸೇಡಂ ರಸ್ತೆಯವಳು ಇಷ್ಟು ದೂರ ಬಂದು ಬಚ್ಚಲುಗಳನ್ನು ಮಾತ್ರ ನೋಡಿ ಹೋಗುವದುಂಟೇ ಎಂದಳು. ಒಂದು ರಾತ್ರಿ ಇಡೀ ವಾದವಾಗಿ, ಕೊನೆಗೆ ಒಂದು ಕರಾರಾಯಿತು: ರೈಲು, ಬಸ್ಸು, ತಂಗುವ ಬಾಡಿಗೆಗಳನ್ನು ಬಿಟ್ಟು ಇಬ್ಬರಿಗೂ ಕೂಡಿ ದಿನಕ್ಕೆ 60 ಡಾಲರಿಗಿಂತ ಹೆಚ್ಚು ಮುಟ್ಟಬಾರದು, ಒಬ್ಬಳ ಪಾಲನ್ನು ಮತ್ತೊಬ್ಬಳು ಕೊಡಬಾರದು, ಲೆಕ್ಕವನ್ನು ಕಮಲಾಪುರದವಳು ಬರೆಯಬೇಕು. ಆಕೆ ಪುಸ್ತಕದ ಪುಟವನ್ನು ಎರಡಾಗಿ ಗೆರೆ ಎಳೆದು ಒಂದು ಕಡೆಗೆ ‘ಕಂಡದ್ದು’ ಮತ್ತೊಂದು ಕಡೆಗೆ ‘ಉಂಡದ್ದು’ ಎಂದು ಬರೆದಳು.

ಮೊದಲು ಸಿಕಾಗೋ. ಮಿಶಿಗನ್ ಸರೋವರದ ದಂಡೆಯಲ್ಲಿ ನಿಂತರೆ ಆಚೆಯ ದಂಡೆಯು ಕಾಣುವದಿಲ್ಲ, ತೆರೆಗಳೂ ಏಳುವವು. ಸಮುದ್ರವಲ್ಲವೆಂದು ನಂಬಿಕೆಯಾಗದೆ ನಾವು ಬೊಗಸೆ ನೀರನ್ನು ಬಾಯಿಗೆ ಹಾಕಿ ನೋಡಿದೆವು. ಸಿಹಿನೀರು! ಪಟ್ಟಣದವರು ಕುಡಿಯುವದು ಈ ನೀರನ್ನೇ. ಹಿಂದೆ ಊರಿನ ಹೊಲಸೆಲ್ಲ ನದಿಯಿಂದ ಈ ಸರೋವರಕ್ಕೇ ಬಂದು ಬೀಳುತ್ತಿದ್ದುದರಿಂದ, ಅವರು ಕಾಲುವೆ ತೋಡಿ 1900ರಲ್ಲಿ ನದಿಯನ್ನೇ ಹಿಂದಕ್ಕೆ ಹರಿಯುವಂತೆ ಮಾಡಿದರೆಂದು ಕೇಳಿ ಬೆರಗಾದೆವು. ಸ್ವಾಮಿ ವಿವೇಕಾನಂದರು 1893ನೆಯ ಸೆಪ್ಟೆಂಬರ್ 11ರಂದು ಮಾತನಾಡಿದ ಕಟ್ಟಡವು ಈಗ ಚಿತ್ರಶಾಲೆಯಾಗಿದೆ. ಅದರ ಮುಂದಿನ ಬೀದಿಯಲ್ಲಿ ಅವರ ಹೆಸರಿನ ಫಲಕವನ್ನು ನೋಡಿದೆವು.

ವಿಲ್ಲಿಸ್ ಗೋಪುರಕ್ಕೆ 110 ಅಂತಸ್ತುಗಳು. ಅದರ ರಚನೆಯ ಲೆಕ್ಕವನ್ನು ಹಾಕಿದ ಫಜ್ಲುರ್ ರಹಮಾನ್ ಖಾನ್ ಎಂಬ ಇಂಜಿನಿಯರರು ಢಾಕಾ ಸೀಮೆಯವರು. ಒಂಬತ್ತು ಚೌಕದ ಕೊಳವೆಗಳನ್ನು ಕಣಿಕೆಯ ಸೂಡಿನಂತೆ ಒತ್ತಾಗಿ ಕೂಡಿಸಿದರೆ ಗಾಳಿಗೆ ಬಾಗದೆಂದು ಅವರು ಕಂಡುಕೊಂಡರು. ಒಂದೊಂದೇ ಕಣಿಕೆಯು ಮುರಿಯುವದು, ಸೂಡು ಮುರಿಯದೆಂಬುವದು ನಮ್ಮ ಒಕ್ಕಲಿಗರಿಗೂ ಗೊತ್ತಿದ್ದ ಸಂಗತಿಯೇ. ಮೇಲೆ 103ನೆಯ ಅಂತಸ್ತಿನಲ್ಲಿ ಗಾಜಿನ ನೆಲವುಂಟು. ಆದರೆ ಏರುವದಕ್ಕೆ ಇಬ್ಬರಿಗೆ ಕೊಡಬೇಕಾದ ಹಣವು ಆ ದಿನದ 60 ಡಾಲರನ್ನೆಲ್ಲ ನುಂಗುವಂತಿತ್ತು. ಸೇಡಂ ರಸ್ತೆಯವಳು ಕರಾರನ್ನು ಮೀರಿ, “ನಿನ್ನ ಪಾಲೂ ನಾ ಕೊಡ್ತೀನಿ ಬಾ,” ಎಂದಳು. ಮತ್ತೊಬ್ಬಳು, “ಪಾಟಲಿ ನಮ್ಮವ್ವಂದು, ಲೆಕ್ಕ ನಂದು,” ಎಂದು ಹೇಳಿ ಹಿಂದೆ ತಿರುಗಿ ನಡೆದಳು. ನಾವು ಎರಡು ಮೈಲು ಒಬ್ಬರಿಗೊಬ್ಬರು ಮಾತಾಡದೆ ನಡೆದೆವು. ಆ ಮೌನವನ್ನು ಮುರಿದದ್ದು ಹಸಿವೆ. ಗೋಪುರವೋ ಊಟವೋ ಎಂದು ಕೇಳಿಕೊಂಡು, ಊಟವೆಂದು ಇಬ್ಬರೂ ಒಪ್ಪಿದೆವು. ಅಂದಿನಿಂದ ಒಂದೊಂದು ಊರಿನಲ್ಲಿ ಒಂದೇ ದುಬಾರಿ ಸಂಗತಿಯೆಂಬ ಹೊಸ ಕಟ್ಟಳೆಯಾಯಿತು.

ಸಿಕಾಗೋ ಊರಿನವರ ಪಿಜ್ಜಾವು ನಮ್ಮಲ್ಲಿ ಪೆಟ್ಟಿಗೆಯಲ್ಲಿ ಬರುವಂಥದಲ್ಲ. 1943ರಿಂದ ಅಲ್ಲಿ ನಡೆದುಬಂದ ಪದ್ಧತಿಯಂತೆ ಆಳವಾದ ಕಬ್ಬಿಣದ ತಾಟಿನಲ್ಲಿ ಹಿಟ್ಟನ್ನು ಬಟ್ಟಲಿನ ಹಾಗೆ ಒತ್ತಿ, ಮೊದಲು ಚೀಸು, ಆ ಮೇಲೆ ಪಲ್ಯ, ಎಲ್ಲಕ್ಕಿಂತ ಮೇಲೆ ಟೊಮೆಟೋ ಗೊಜ್ಜನ್ನು ತುಂಬಿ ಬೇಯಿಸುವರು. ಮುಕ್ಕಾಲು ತಾಸು ಕಾಯಬೇಕು. ಪಾಲಕ ಹಾಕಿದ್ದನ್ನು ಹೇಳಿ ತರಿಸಿದೆವು. ಒಂದು ತುಂಡು ಮುಗಿಯುವಷ್ಟರಲ್ಲಿ ಹೊಟ್ಟೆ ತುಂಬಿತು. ಉಳಿದದ್ದು ಮರುದಿನ ರೈಲಿನಲ್ಲಿ ಎರಡು ಹೊತ್ತಿಗಾಯಿತು. ಖಾರವಿಲ್ಲದ್ದಕ್ಕೆ ನಮ್ಮ ಡಬ್ಬಿಯಲ್ಲಿದ್ದ ಶೇಂಗಾ ಹಿಂಡಿಯನ್ನು ಉದುರಿಸಿಕೊಂಡೆವು. ಬಡಿಸಿದ ಹುಡುಗಿಗೆ ಮೇಜಿನ ಮೇಲೆ ಇನಾಮು ಇಡುವದು ಅಲ್ಲಿಯ ರೂಢಿ, ನೂರಕ್ಕೆ ಹದಿನೆಂಟು ಇಪ್ಪತ್ತರ ತನಕ. ಲೆಕ್ಕದ ವಿಷಯದಲ್ಲಿ ಅಷ್ಟು ಬಿಗಿಯಾದ ಕಮಲಾಪುರದವಳು ಇದರಲ್ಲಿ ಮಾತ್ರ ಎಂದೂ ಚೌಕಾಸಿ ಮಾಡಲಿಲ್ಲ. ದಿಂಬಿನ ಬಳಿಯಲ್ಲಿ ಏನೂ ಕಾಣದ ಮುಂಜಾನೆಗಳು ಆಕೆಗೆ ನೆನಪಿದ್ದವು.

ರಾತ್ರಿಯ ರೈಲು ಹತ್ತಿ, ಬೆಳಗಿನಲ್ಲಿ ಈರೀ ಸರೋವರವನ್ನು ಕಿಡಕಿಯಿಂದ ಕಂಡು, ಬಫಲೋ ಊರಿಗೆ ಇಳಿದು ನಯಾಗರಕ್ಕೆ ಹೋದೆವು. ನಮ್ಮ ಜೋಗವು 830 ಅಡಿ ಎತ್ತರ; ನಯಾಗರವು 200 ಅಡಿಯೂ ಇಲ್ಲ. ಆದರೆ ನೀರಿನ ಆ ಅಗಲವನ್ನೂ ಆ ಗರ್ಜನೆಯನ್ನೂ ಹೇಳುವದಕ್ಕೆ ಚಿಂಚೋಳಿಯ ಎತ್ತಿಪೋತವನ್ನು ಮಾತ್ರ ನೋಡಿ ಬೆಳೆದ ನಮ್ಮಲ್ಲಿ ಮಾತು ಸಾಲದು. ಒಂದು ಸೋಜಿಗವೇನಂದರೆ, ಆ ನೀರಿನಿಂದಲೂ ವಿದ್ಯುಚ್ಛಕ್ತಿ ಮಾಡುವರು. ಆದರೂ ನೋಡಲು ಬರುವವರಿಗೆಂದು ಪ್ರವಾಸದ ಕಾಲದಲ್ಲಿ ಹಗಲು ಸೆಕೆಂಡಿಗೆ 1,00,000 ಘನ ಅಡಿ ನೀರನ್ನು ಬಿಡಲೇಬೇಕೆಂದು ಅಮೇರಿಕೆಯೂ ಕೆನಡಾವೂ 1950ರಲ್ಲಿ ಒಪ್ಪಂದ ಮಾಡಿಕೊಂಡಿರುವವು. ರಾತ್ರಿಗೆ ಅದರ ಅರ್ಧ. ಈ ಊರಿನ ದುಬಾರಿ ಸಂಗತಿಯೆಂದು ದೋಣಿಯನ್ನು ಹತ್ತಿದೆವು. ಕೊಟ್ಟ ನೀಲಿ ಅಂಗಿಯನ್ನು ತೊಟ್ಟರೂ ತಲೆಯಿಂದ ಕಾಲಿನ ತನಕ ತೊಯ್ದು, ಒಂದು ತಾಸು ಬಿಸಿಲಿನಲ್ಲಿ ಬಟ್ಟೆ ಒಣಗಿಸಿಕೊಂಡೆವು. ಆ ದಿನದ ‘ಉಂಡದ್ದು’ ಎಂಬಲ್ಲಿ ಬ್ರೆಡ್ಡು, ಹಿಂಡಿ ಎಂದಷ್ಟೇ ಬರೆದಿದೆ.

ನ್ಯೂಯಾರ್ಕಿಗೆ ಹಡ್ಸನ್ ನದಿಯ ದಂಡೆಯನ್ನೇ ಹಿಡಿದು ರೈಲು ಹೋಗುವದು. ಆ ಪಟ್ಟಣವನ್ನು ಕುರಿತು ನೀವೆಲ್ಲರೂ ಸಿನೆಮಾಗಳಲ್ಲಿ ಸಾಕಷ್ಟು ನೋಡಿರುವಿರಿ; ಎತ್ತರದ ಕಟ್ಟಡಗಳನ್ನು ಎಣಿಸುವದರಲ್ಲಿ ಕಾಗದವನ್ನು ಕೆಡಿಸುವದಿಲ್ಲ. ಹಣವಿಲ್ಲದವರಿಗೆ ಆ ಊರು ಒಂದು ಉಪಕಾರ ಮಾಡಿದೆ. ಸ್ಟೇಟನ್ ದ್ವೀಪಕ್ಕೆ ಹೋಗುವ ಹಡಗಿಗೆ ಕಾಸು ಕೊಡಬೇಕಾಗಿಲ್ಲ. ಅದರ ಅಂಚಿನಲ್ಲಿ ನಿಂತು 1886ರಿಂದ ದೀವಿಗೆ ಹಿಡಿದು ನಿಂತ ಸ್ವಾತಂತ್ರ್ಯದೇವಿಯನ್ನು ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ನೋಡಿದೆವು.

ಬ್ರೂಕ್ಲಿನ್ ಸೇತುವೆಯ ವಿಷಯವನ್ನು ಹುಡುಗಿಯರ ಶಾಲೆಯ ಈ ಸಂಚಿಕೆಯಲ್ಲಿ ಹೇಳದಿರಲಾರೆವು. ಸೇತುವೆಯನ್ನು ಎಣಿಸಿದ ಇಂಜಿನಿಯರರು 1869ರಲ್ಲಿ ತೀರಿಹೋದರು. ಕೆಲಸವನ್ನು ಕೈಕೊಂಡ ಮಗ ವಾಷಿಂಗ್ಟನ್ ರೋಬ್ಲಿಂಗರು ನೀರಿನ ತಳದ ಪೆಟ್ಟಿಗೆಗಳಲ್ಲಿ ಇಳಿದಿಳಿದು, ಒತ್ತಡದ ಗಾಳಿಯಿಂದ ಹುಟ್ಟುವ ಬೇನೆಗೆ ತುತ್ತಾಗಿ ಹಾಸಿಗೆ ಹಿಡಿದರು. ಆಗ ಅವರ ಪತ್ನಿ ಎಮಿಲಿ ರೋಬ್ಲಿಂಗರು ಗಣಿತವನ್ನೂ, ಉಕ್ಕಿನ ತಂತಿಗಳ ಬಲಾಬಲವನ್ನೂ ತಾವೇ ಕಲಿತು, ಗಂಡನ ಅಪ್ಪಣೆಗಳನ್ನು ಕೆಲಸದ ಸ್ಥಳಕ್ಕೆ ಒಯ್ದು, ಅಲ್ಲಿಯ ಇಂಜಿನಿಯರರ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಹತ್ತು ವರುಷಗಳಿಗೂ ಮೇಲ್ಪಟ್ಟು ಕೆಲಸ ಸಾಗಿಸಿದರು. 1883ರಲ್ಲಿ ಸೇತುವೆಯು ತೆರೆಯಿತು. ಅವರ ಹೆಸರಿನ ಫಲಕವು ಸೇತುವೆಯ ಮೇಲುಂಟು. ಅದನ್ನು ಓದಲಿಕ್ಕೆಂದು ನಿಂತಾಗ ಹಿಂದಿನಿಂದ ಬಂದ ಜನರು ನಮ್ಮನ್ನು ತಳ್ಳಿಕೊಂಡೇ ಹೋದರು. ನಾವು ಮತ್ತೆ ಹಿಂದಕ್ಕೆ ಬಂದು ಪೂರಾ ಓದಿದೆವು.

ಭೂಗರ್ಭದ ರೈಲಿಗೆ ಆಗ 2 ಡಾಲರು 90 ಸೆಂಟು. ಏಳನೆಯ ನಂಬರಿನ ಗಾಡಿಯಲ್ಲಿ ಕೊನೆಯ ತನಕ ಹೋದರೆ ಫ್ಲಶಿಂಗ್ ಎಂಬ ಭಾಗವು. ಅಲ್ಲಿ 1977ರಲ್ಲಿ ಕಟ್ಟಿದ ಗಣೇಶನ ದೇವಾಲಯದ ನೆಲಮಾಳಿಗೆಯಲ್ಲಿ ಒಂದು ಊಟದ ಶಾಲೆಯಿದೆ. ಮೂರು ತಿಂಗಳ ಮೇಲೆ ದೋಸೆಯನ್ನು ಕಂಡೆವು! ಚೀನೀಯರು, ಗೋರಿಯರು, ನಮ್ಮವರು ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಸಾರಿಗೆ ಸ್ವಲ್ಪ ಹುಳಿ ಸಾಲದು, ದೋಸೆಗೆ ಹೆಸರಿಡುವಂತಿಲ್ಲ.

ಹಿಂದಿರುಗುವ ದಾರಿಯಲ್ಲಿ ಜ್ಯಾಕ್ಸನ್ ಹೈಟ್ಸ್ ಎಂಬಲ್ಲಿ ಇಳಿದೆವು. ಒಂದು ಹಣ್ಣಿನ ಅಂಗಡಿಯ ಮುಂದೆ ಕಮಲಾಪುರದವಳು ಗಕ್ಕನೆ ನಿಂತಳು. ಬುಟ್ಟಿಯಲ್ಲಿ ಕೆಂಪು ಬಾಳೆಯ ಹಣ್ಣುಗಳು. ಭೌಗೋಲಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆಯನ್ನು ನೀವೆಲ್ಲರೂ ಬಲ್ಲಿರಿ. ನೆಟ್ಟ ಮೇಲೆ ಹಣ್ಣು ಕೈಗೆ ಬರುವದಕ್ಕೆ ಸುಮಾರು ಒಂದೂವರೆ ವರುಷ ಕಾಯಬೇಕು. ಇವುಗಳ ಮೇಲೆ ಇಕ್ವೆಡಾರ್ ದೇಶದ ಚೀಟಿ ಅಂಟಿಸಿತ್ತು. ಪೌಂಡಿಗೆ 1 ಡಾಲರು 49 ಸೆಂಟು. ಎರಡು ಹಣ್ಣು ಕೊಂಡು ಅಲ್ಲಿಯೇ ಸುಲಿದು ತಿಂದೆವು. ಬಣ್ಣ ಅದೇ, ವಾಸನೆಯು ಅರ್ಧ, ಸವಿಯು ಅರ್ಧಕ್ಕಿಂತಲೂ ಕಡಿಮೆ. ಎಳೆಯದನ್ನೇ ಕೊಯ್ದು ಹಡಗಿಗೆ ಹಾಕಿರಬೇಕು. ಆಕೆ ಕೂಡಲೆ ತಂದೆಯವರಿಗೆ ವಾಟ್ಸಾಪಿನಲ್ಲಿ ಚಿತ್ರವನ್ನು ಕಳುಹಿಸಿದಳು. ಕಮಲಾಪುರದಲ್ಲಿ ಆಗ ನಡುರಾತ್ರಿ. ಆದರೂ ಎರಡು ನಿಮಿಷಗಳಲ್ಲಿ ಕರೆ ಬಂತು. “ಯವ್ವಾ, ಅಲ್ಲಿ ಹ್ಯಾಂಗ ಮಾರ್ತಾರ?” ಮಗಳು ಲೆಕ್ಕ ಹಾಕಿ, ಕಿಲೋಗೆ 270 ರೂಪಾಯಿಗೂ ಮೇಲಾಯಿತೆಂದು ಹೇಳಿದಳು. ತೋಟಕ್ಕೆ ಬರುವ ವ್ಯಾಪಾರಿಯು ಕೊಡುವದು ಅದರ ಮೂರನೆಯ ಪಾಲೂ ಅಲ್ಲ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ರುಚಿ ಹ್ಯಾಂಗ ಅದ?” ಎಂದು ಕೇಳಿದರು. “ನಮ್ಮದರ ಸಮ ಇಲ್ಲಪ್ಪಾ,” ಎಂದಳು. “ಮತ್ತ!” ಎಂದು ಅವರು ನಕ್ಕದ್ದು ನಮ್ಮಿಬ್ಬರಿಗೂ ಕೇಳಿಸಿತು. ಆ ಚೀಟಿಯನ್ನು ಲೆಕ್ಕದ ಪುಸ್ತಕದಲ್ಲಿ ಅಂಟಿಸಿದೆ.

ಫಿಲಡೆಲ್ಫಿಯಾದಲ್ಲಿ ನೋಡತಕ್ಕದ್ದೆಲ್ಲ ಹೆಚ್ಚಾಗಿ ಪುಕ್ಕಟೆ. 2,080 ಪೌಂಡು ತೂಕದ ಬಿರುಕುಬಿಟ್ಟ ಸ್ವಾತಂತ್ರ್ಯದ ಗಂಟೆಯನ್ನು ನೋಡಿದೆವು. ಇದರದೇ ಪ್ರತಿಯಾಗಿ 1915ರಲ್ಲಿ ಆ ಪ್ರಾಂತದ ಹೆಂಗಸರು ಮತ್ತೊಂದು ಗಂಟೆಯನ್ನು ಎರಕ ಹೊಯ್ಯಿಸಿ, ಸ್ತ್ರೀಯರಿಗೆ ಮತದ ಹಕ್ಕು ಬರುವ ತನಕ ಬಾರಿಸಕೂಡದೆಂದು ಅದರ ನಾಲಿಗೆಗೆ ಸರಪಳಿ ಕಟ್ಟಿದ್ದರಂತೆ. 1920ರಲ್ಲಿ ಸರಪಳಿ ಬಿಚ್ಚಿದರು. ಇದೇ ಊರಿನ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಆನಂದೀಬಾಯಿ ಜೋಶಿಯವರು 1886ರಲ್ಲಿ ವೈದ್ಯಪದವಿಯನ್ನು ಪಡೆದರು. 1883ರಲ್ಲಿ ಕಲಕತ್ತೆಯಿಂದ ಹಡಗು ಹತ್ತಿದಾಗ ಅವರಿಗೆ 18 ವರುಷ. ಇಂದು ಮಗಳು ಕರೆ ಮಾಡಿದರೆ ಎರಡು ನಿಮಿಷದಲ್ಲಿ ತಂದೆಯ ದನಿ ಕೇಳಿಸುವದು. ಅಂದು ಒಂದು ಪತ್ರವು ಹೋಗಿ ಉತ್ತರ ಬರುವದಕ್ಕೆ ತಿಂಗಳುಗಳೇ ಬೇಕು. ಊರಿಗೆ ಮರಳಿದ ಮೇಲೆ 1887ರಲ್ಲಿ, 22 ತುಂಬುವ ಮೊದಲೇ ಆ ತಾಯಿ ಕ್ಷಯದಿಂದ ತೀರಿಕೊಂಡರು. ಆ ಸಂಜೆ ನಾವು 1893ರಲ್ಲಿ ಕಟ್ಟಿದ ರೆಡಿಂಗ್ ಮಾರುಕಟ್ಟೆಯಲ್ಲಿ, ಹಗ್ಗದ ಗಂಟಿನಂತೆ ಹೆಣೆದು ಬೆಣ್ಣೆ ಸವರಿದ ಪ್ರೆಟ್ಜೆಲ್ ಎಂಬ ಬಿಸಿ ರೊಟ್ಟಿಯನ್ನು ಗುರೆಳ್ಳು ಹಿಂಡಿಯೊಂದಿಗೆ ತಿನ್ನುವಾಗ ಅವರ ಮಾತನ್ನೇ ಆಡಿಕೊಂಡೆವು.

ಕೊನೆಗೆ ವಾಷಿಂಗ್ಟನ್. ಇಲ್ಲಿಯ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಗಳಿಗೆ ಪ್ರವೇಶದ ಹಣವಿಲ್ಲ. ಪ್ರಕೃತಿವಿಜ್ಞಾನದ ಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹೋಪ್ ಎಂಬ ನೀಲಿ ವಜ್ರವಿದೆ, 45.52 ಕ್ಯಾರೆಟ್. ಕೃಷ್ಣೆಯ ದಂಡೆಯಲ್ಲಿ ಗೋಲಕೊಂಡೆಯ ರಾಜ್ಯಕ್ಕೆ ಸೇರಿದ್ದ ಕೊಲ್ಲೂರು ಗಣಿಯದೆಂದು ವಿದ್ವಾಂಸರ ಮತ. ಟಾವರ್ನಿಯೆ ಎಂಬ ಫ್ರೆಂಚ್ ವರ್ತಕನು ಅದನ್ನು ಕೊಂಡೊಯ್ದು 14ನೆಯ ಲೂಯಿ ಅರಸನಿಗೆ ಮಾರಿದನು. 1792ರ ಗದ್ದಲದಲ್ಲಿ ಕಳುವಾಯಿತು. ಕೈಯಿಂದ ಕೈಗೆ ದಾಟಿ 1958ರಲ್ಲಿ ರಿಜಿಸ್ಟರ್ಡ್ ಟಪಾಲಿನಲ್ಲಿ ಇಲ್ಲಿಗೆ ಬಂತು. ಗೋಲಕೊಂಡೆಯೂ 1347ರಲ್ಲಿ ಹುಟ್ಟಿ ನಮ್ಮ ಕಲಬುರಗಿಯಿಂದ ಆಳಿದ ಬಹಮನಿ ರಾಜ್ಯದಿಂದಲೇ ಒಡೆದು ಹೋದ ತುಂಡಲ್ಲವೇ! ಜನರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕಮಲಾಪುರದವಳು ಮಾತ್ರ, ಇದನ್ನು ಬಿಡಿಸಿಕೊಳ್ಳಲಿಕ್ಕೆ ಯಾರೂ ಬರಲಿಲ್ಲವೇ ಎಂದು ಕೇಳಿದಳು. ಇಬ್ಬರಿಗೂ ನಗೆ ಬಂತು. ಆ ಮೇಲೆ ಬಹಳ ಹೊತ್ತು ನಗೆ ಬರಲಿಲ್ಲ.

ನಾವು ಕಂಡ ಊಟಗಳಲ್ಲಿ ಶ್ರೇಷ್ಠವಾದದ್ದು ಈ ಊರಿನದು, ಆದರೆ ಅದು ಅಮೇರಿಕೆಯದಲ್ಲ. ಇಲ್ಲಿ ಇಥಿಯೋಪಿಯಾ ದೇಶದವರು ಬಹಳ ಮಂದಿ ನೆಲಸಿರುವರು. ಅವರ ಒಂದು ಚಿಕ್ಕ ಹೋಟೆಲಿನಲ್ಲಿ ಮಾಂಸವಿಲ್ಲದ ಊಟವನ್ನು ಹೇಳಿದೆವು. ದೊಡ್ಡ ಹರಿವಾಣದಲ್ಲಿ ಇಂಜೆರಾ ಎಂಬ ಅಗಲವಾದ ರೊಟ್ಟಿ ಹಾಸಿ, ಅದರ ಮೇಲೆ ಗುಂಪುಗುಂಪಾಗಿ ಖಾರದ ಬೇಳೆ, ಸೊಪ್ಪಿನ ಪಲ್ಯ, ಎಲೆಕೋಸು ಇಟ್ಟು ತಂದರು. ಚಮಚವಿಲ್ಲ, ಒಂದೇ ಹರಿವಾಣದಿಂದ ಇಬ್ಬರೂ ಬಲಗೈಯಿಂದ ಮುರಿದು ಮುರಿದು ಉಣಬೇಕು. ರೊಟ್ಟಿಯು ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿಬರಿಸಿ ಮಾಡಿದ್ದು. ಹುಳಿ ಅಂಬಲಿಯ ವಾಸನೆ, ದೋಸೆಯ ತೂತುಗಳು. ಬೇಳೆಯ ಖಾರಕ್ಕೆ ನಮ್ಮ ಕಣ್ಣಲ್ಲಿ ನೀರು ಬಂತು. ಬಡಿಸುವ ಹಿರಿಯ ಹೆಂಗಸು ಹೆದರಿ ನೀರು ತಂದರು. ಇದು ಸಂತೋಷದ ನೀರೆಂದು ಹೇಳಿ, ಚೀಲದ ತಳದಲ್ಲಿ ಮೇ ತಿಂಗಳಿನಿಂದ ಉಳಿದಿದ್ದ ಕೊನೆಯ ಖಡಕ್ ರೊಟ್ಟಿಯನ್ನು ತೆಗೆದು ಅವರಿಗೆ ಕೊಟ್ಟೆವು. ಅವರು ಮುರಿದು ಬಾಯಿಗೆ ಹಾಕಿ, ಅಗಿದು, ಇದು ತಮ್ಮ ಊರಿನ ಕಾಳೇ ಎಂದರು. ಮಾತು ನಿಜ. ಜೋಳವನ್ನು ಮೊದಲು ಬಿತ್ತಿ ಬೆಳೆದವರು ಸುಡಾನ್ ಸೀಮೆಯ ಆಫ್ರಿಕದವರು. ಸಾವಿರಾರು ವರುಷಗಳ ಹಿಂದೆ ಅದು ನಮ್ಮ ನಾಡಿಗೆ ಬಂದದ್ದು. ನಾವು ನಮ್ಮದೆಂದು ಒಯ್ದ ರೊಟ್ಟಿಯ ತವರುಮನೆ ಅವರ ನೆರೆಯಲ್ಲೇ ಇತ್ತು. ಅವರು ಬೇಳೆಯನ್ನು ಮತ್ತೊಮ್ಮೆ ಬಡಿಸಿ, ಅದಕ್ಕೆ ಹಣ ತಕ್ಕೊಳ್ಳಲಿಲ್ಲ. ಆ ಹೊತ್ತಿನ ಇನಾಮು ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದೆ.

ಅಗಸ್ಟ್ 26ಕ್ಕೆ ವಿಮಾನವೇರಿದೆವು. 12 ದಿವಸಗಳಿಗೆ ಒಬ್ಬೊಬ್ಬಳಿಗೆ ಬಿದ್ದ ಖರ್ಚು, ರೈಲು, ಬಸ್ಸು, ಬಾಡಿಗೆಗಳನ್ನೆಲ್ಲ ಹಿಡಿದು 810 ಡಾಲರು. ಸೆಪ್ಟೆಂಬರ್ ಮೊದಲಿನ ವಾರದಲ್ಲಿ ಕಮಲಾಪುರದವಳು ತಾಯಿಯವರನ್ನು ಕರಕೊಂಡು ಬ್ಯಾಂಕಿಗೆ ಹೋಗಿ, ಅಸಲು ಬಡ್ಡಿ ಕಟ್ಟಿ ಪಾಟಲಿಗಳನ್ನು ಬಿಡಿಸಿದಳು. ತಾಯಿಯವರು ಅವುಗಳನ್ನು ಬ್ಯಾಂಕಿನಲ್ಲಿಯೇ ಕೈಗೆ ಏರಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡಿದರು. ಉಳಿದ ಹಣದಲ್ಲಿ ಆಕೆಯ ಕಡೆಯ ವರುಷದ ಶುಲ್ಕವಾಯಿತು. ಬಾಳೆಯ ತೋಟಕ್ಕೆ ಹನಿ ನೀರಾವರಿಯ ಕೊಳವೆ ಬಂತು. ಸೇಡಂ ರಸ್ತೆಯವಳು ತಂದೆಯವರಿಗೆ ಕೊಡಹೋದ ಹಣವನ್ನು ಅವರು ತೆಗೆದುಕೊಳ್ಳದೆ, ಬರುವ ವರುಷ ವಿಲ್ಲಿಸ್ ಗೋಪುರವನ್ನು ಏರಿ ಬಾ ಎಂದರು. ಆಕೆ ಇನ್ನೂ ಹೋಗಿಲ್ಲ. ಲೆಕ್ಕದ ಪುಸ್ತಕವು ಕಮಲಾಪುರದಲ್ಲಿದೆ. ಹೋಗಬೇಕೆಂದಿರುವ ಹುಡುಗಿಯರು ಯಾವ ಭಾನುವಾರವಾದರೂ ಬಂದು ನೋಡಬಹುದು. ಬಾಳೆಗೊನೆ ಇಳಿಸುವ ಕಾಲದಲ್ಲಿ ಬಂದರೆ ಹಣ್ಣೂ ಸಿಕ್ಕುವದು.